ಕಮಿಟ್ ಸಂದೇಶ ತಿದ್ದುವ ಹುಕ್ ಕೈಕೊಟ್ಟಾಗ: ದೋಷ ಹುಡುಕುವ ಬಗೆ

ಬ್ರಾಂಚಿನ ಹೆಸರಿನಿಂದ ಟಿಕೆಟ್ ಸಂಖ್ಯೆ ಎತ್ತಿ ಮೊದಲ ಸಾಲಿಗೆ ಅಂಟಿಸುವುದು, ಕೊನೆಗೆ ‘ಸೈನ್ಡ್-ಆಫ್-ಬೈ’ ಸಾಲು ಸೇರಿಸುವುದು, ಉದ್ದ ಸಾಲುಗಳನ್ನು 72 ಅಕ್ಷರಕ್ಕೆ ಮುರಿಯುವುದು. ಕಮಿಟ್ ಸಂದೇಶವನ್ನು (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಪ್ರತಿ ದಾಖಲೆಯ ಜೊತೆ ಬರೆಯುವ ಟಿಪ್ಪಣಿಯನ್ನು) ತಾನಾಗಿ ತಿದ್ದುವ ಕಮಾಂಡ್-ಲೈನ್ ಸಾಧನಗಳ ಕೆಲಸ ಹೆಚ್ಚುಕಡಿಮೆ ಇಷ್ಟೇ. ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಆಗಲಿ, ದೊಡ್ಡ ಪ್ಯಾಕೇಜ್ ಆಗಲಿ, ಅದು ಸಾಮಾನ್ಯವಾಗಿ ನಿಂತಿರುವುದು ಗಿಟ್‌ನ ಎರಡು ಹುಕ್‌ಗಳ (ಕಮಿಟ್‌ನಂಥ ಹೊತ್ತಿಗೆ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟ್‌ಗಳ) ಮೇಲೆ: ಪ್ರಿಪೇರ್-ಕಮಿಟ್-ಎಂಎಸ್‌ಜಿ ಮತ್ತು ಕಮಿಟ್-ಎಂಎಸ್‌ಜಿ. ಕೆಟ್ಟಾಗ ಸಾಧನದ ಕೋಡ್ ಬಿಚ್ಚಿ ಕೂರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಹುಕ್ ಓಡಿತೇ? ಯಾವ ಹೊತ್ತಿಗೆ ಓಡಿತು? ಅದು ಬರೆದಾದ ಮೇಲೆ ಗಿಟ್ ಆ ಫೈಲಿಗೆ ಏನು ಮಾಡಿತು? ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ದಿನಗಟ್ಟಲೆ ಸತಾಯಿಸುವ ದೋಷಗಳು ಇರುವುದು ಅಲ್ಲೇ.

(ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಎಂದಿನ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.)

ಸಂದೇಶ ಸಾಗುವ ದಾರಿ

‘ಗಿಟ್ ಕಮಿಟ್’ ಕೊಟ್ಟಾಗ ಮೊದಲು ಪ್ರಿ-ಕಮಿಟ್ ಹುಕ್ ಓಡುತ್ತದೆ. ಆಮೇಲೆ ಗಿಟ್ ‘ಕಮಿಟ್_ಎಡಿಟ್‌ಎಂಎಸ್‌ಜಿ’ ಎಂಬ ಫೈಲನ್ನು ತಯಾರಿಸಿ, ಅದರ ವಿಳಾಸವನ್ನು ಪ್ರಿಪೇರ್-ಕಮಿಟ್-ಎಂಎಸ್‌ಜಿಗೆ ಕೊಡುತ್ತದೆ. ನಂತರ ಎಡಿಟರ್ ತೆರೆಯುತ್ತದೆ. ಎಡಿಟರ್ ಮುಚ್ಚಿದ ಮೇಲೆ ಅದೇ ಫೈಲ್ ಕಮಿಟ್-ಎಂಎಸ್‌ಜಿ ಕೈಗೆ ಹೋಗುತ್ತದೆ. ಅದು ಸೊನ್ನೆಯಲ್ಲದ ಕೋಡ್ ಹಿಂತಿರುಗಿಸಿದರೆ ಕಮಿಟ್ ಅಲ್ಲಿಗೇ ರದ್ದು. ಸೊನ್ನೆ ಬಂದರೆ ಗಿಟ್ ಫೈಲನ್ನು ಮತ್ತೆ ಓದಿ, ಕಾಮೆಂಟ್ ಸಾಲು, ಹೆಚ್ಚುವರಿ ಖಾಲಿ ಸಾಲುಗಳನ್ನು ತೆಗೆದು, ಉಳಿದದ್ದನ್ನು ಕಮಿಟ್ ಮಾಡುತ್ತದೆ. ಈ ಶುದ್ಧೀಕರಣ ನಡೆಯುವುದು ಎಲ್ಲ ಸಂದೇಶ-ಹುಕ್‌ಗಳೂ ಮುಗಿದ ಮೇಲೆ. ಅಂದರೆ ನಿಮ್ಮ ಸಾಧನ ನೋಡುವುದು ಕಾಮೆಂಟ್‌ಗಳಿಂದ ತುಂಬಿದ ಕಚ್ಚಾ ಫೈಲನ್ನು, ಕೊನೆಯ ಸಂದೇಶವನ್ನಲ್ಲ.

‘--ನೋ-ವೆರಿಫೈ’ ಕೊಟ್ಟರೆ ಪ್ರಿ-ಕಮಿಟ್ ಮತ್ತು ಕಮಿಟ್-ಎಂಎಸ್‌ಜಿ ಎರಡೂ ಓಡುವುದಿಲ್ಲ, ಆದರೆ ಪ್ರಿಪೇರ್-ಕಮಿಟ್-ಎಂಎಸ್‌ಜಿ ಓಡುತ್ತದೆ. ‘ವೆರಿಫೈ ಬೇಡ ಅಂದರೂ ಟಿಕೆಟ್ ಸಂಖ್ಯೆ ಸೇರಿಕೊಂಡಿತು’, ‘ಸೇರಬೇಕಿತ್ತು, ಸೇರಲಿಲ್ಲ’ ಎಂಬ ಎರಡೂ ದೂರುಗಳಿಗೆ ಇದೇ ಉತ್ತರ.

ಮೊದಲ ಪರೀಕ್ಷೆ: ಮೂರು ಪ್ರತಿ

ಹುಕ್‌ನ ಮೊದಲ ಸಾಲಿನ ಕೆಳಗೆ "$1" ಫೈಲನ್ನು (ಗಿಟ್ ಹುಕ್‌ಗೆ ವಿಳಾಸ ಕೊಟ್ಟ ಸಂದೇಶದ ಫೈಲನ್ನು) /ಟಿಎಂಪಿ/ಮೊದಲು ಎಂಬಲ್ಲಿಗೆ ಸಿಪಿ (ನಕಲು) ಮಾಡುವ ಸಾಲು ಹಾಕಿ. ಹುಕ್‌ನ ಕೊನೆಯಲ್ಲಿ /ಟಿಎಂಪಿ/ಆಮೇಲೆ ಎಂಬಲ್ಲಿಗೆ ಇನ್ನೊಂದು ಪ್ರತಿ. ಹುಕ್ ನಡುವೆಯೇ ಹೊರಬೀಳುವಂತಿದ್ದರೆ ಎರಡನೆಯದನ್ನು ಟ್ರ್ಯಾಪ್ ಮೂಲಕ ಎಕ್ಸಿಟ್‌ಗೆ ಕಟ್ಟಿ (ಸ್ಕ್ರಿಪ್ಟ್ ಎಲ್ಲೇ ಮುಗಿದರೂ ಅದು ಓಡುತ್ತದೆ). ಈಗ ಒಂದು ಖಾಲಿ ಕಮಿಟ್ ಮಾಡಿ:

ಗಿಟ್_ಟ್ರೇಸ್=1 ಗಿಟ್ ಕಮಿಟ್ --ಅಲೌ-ಎಂಪ್ಟಿ

ಕಮಿಟ್ ಆದ ಮೇಲೆ ‘ಗಿಟ್ ಕ್ಯಾಟ್-ಫೈಲ್ ಕಮಿಟ್ ಹೆಡ್’ ಕೊಟ್ಟರೆ ಮೂರನೆಯ ಪ್ರತಿ ಕಾಣುತ್ತದೆ. ಅದು ಯಾವ ಅಲಂಕಾರವೂ ಇಲ್ಲದ ನಿಜವಾದ ಸಂದೇಶ. ಮೊದಲೆರಡು ಫೈಲೇ ಹುಟ್ಟದಿದ್ದರೆ ಹುಕ್ ಓಡಿಲ್ಲ. ಟ್ರ್ಯಾಪ್ ಹಾಕಿಲ್ಲದಾಗ ‘ಮೊದಲು’ ಇದ್ದು ‘ಆಮೇಲೆ’ ಇಲ್ಲವಾದರೆ ಸ್ಕ್ರಿಪ್ಟ್ ನಡುವೆ ಸತ್ತಿದೆ. ಎರಡೂ ಇದ್ದು ಒಂದೇ ತೆರನಾಗಿದ್ದರೆ ಸಾಧನದ ಷರತ್ತು ಹೊಂದಿಲ್ಲ. ‘ಆಮೇಲೆ’ ಸರಿಯಾಗಿದ್ದೂ ಕಮಿಟ್ ತಪ್ಪಾಗಿದ್ದರೆ ಅದು ಗಿಟ್‌ನ ಶುದ್ಧೀಕರಣದ ಕೆಲಸ. ಪರೀಕ್ಷೆ ಮುಗಿದ ಮೇಲೆ ‘ಗಿಟ್ ರೀಸೆಟ್ --ಸಾಫ್ಟ್ ಹೆಡ್~1’ ಕೊಟ್ಟು ಖಾಲಿ ಕಮಿಟನ್ನು ತೆಗೆಯಿರಿ.

ಈ ಪರೀಕ್ಷೆಯನ್ನು ಎರಡು ಸಲ ಮಾಡಬೇಕು: ಒಮ್ಮೆ ಎಡಿಟರ್ ತೆರೆದು, ಇನ್ನೊಮ್ಮೆ ‘-ಎಂ’ ಜೊತೆಗೆ ಸಂದೇಶ ಕೊಟ್ಟು. ಎರಡರ ಫಲಿತಾಂಶ ಬೇರೆ ಬಂದರೆ ಅರ್ಧ ರೋಗ ಗೊತ್ತಾದಂತೆ.

ಹುಕ್ ಓಡಲೇ ಇಲ್ಲ

ಗಿಟ್_ಟ್ರೇಸ್=1 ತೋರಿಸುವ ಟ್ರೇಸ್‌ನಲ್ಲಿ ‘ರನ್_ಕಮಾಂಡ್’ ಎಂದು ಶುರುವಾಗಿ ಹುಕ್‌ನ ವಿಳಾಸವಿರುವ ಸಾಲು ಬರಬೇಕು. ಬರದಿದ್ದರೆ ಗಿಟ್ ಎಲ್ಲಿ ಹುಡುಕುತ್ತಿದೆ ಎಂದು ಕೇಳಿ:

ಗಿಟ್ ರೆವ್-ಪಾರ್ಸ್ --ಗಿಟ್-ಪಾಥ್ ಹುಕ್ಸ್

ಉತ್ತರ ‘.ಗಿಟ್/ಹುಕ್ಸ್’ ಅಲ್ಲದೆ ಬೇರೇನೋ ಬಂದರೆ ಸಾಮಾನ್ಯವಾಗಿ ಯಾರೋ ‘ಕೋರ್.ಹುಕ್ಸ್‌ಪಾಥ್’ ಬದಲಿಸಿದ್ದಾರೆ. ಗಿಟ್ 2.9ರಿಂದ ಇರುವ ಈ ಸೆಟ್ಟಿಂಗ್ ಇದ್ದರೆ ರೆಪೊ (ಪ್ರಾಜೆಕ್ಟಿನ ಗಿಟ್ ಫೋಲ್ಡರ್) ಒಳಗಿನ ಹುಕ್ಸ್ ಫೋಲ್ಡರನ್ನು ಗಿಟ್ ಕಣ್ಣೆತ್ತಿಯೂ ನೋಡುವುದಿಲ್ಲ. ಎರಡೂ ಕಡೆಯವು ಸೇರಿ ಓಡುತ್ತವೆ ಎಂದುಕೊಳ್ಳಬೇಡಿ. ‘ಗಿಟ್ ಕಾನ್ಫಿಗ್ --ಶೋ-ಆರಿಜಿನ್ --ಗೆಟ್-ಆಲ್ ಕೋರ್.ಹುಕ್ಸ್‌ಪಾಥ್’ ಕೊಟ್ಟರೆ ಬದಲಾವಣೆ ಯಾವ ಕಾನ್ಫಿಗ್ ಫೈಲಿನಿಂದ ಬಂದಿದೆ ಎಂದು ತಿಳಿಯುತ್ತದೆ. ಹುಕ್‌ಗಳನ್ನು ನಿರ್ವಹಿಸುವ ಹಸ್ಕಿ ಎಂಬ ಸಾಧನ ಇರುವ ರೆಪೊಗಳಲ್ಲಿ ಇದು ಸಾಮಾನ್ಯ. ಅಂಥ ಕಡೆ ಪ್ರಿ-ಕಮಿಟ್ ಫ್ರೇಮ್‌ವರ್ಕನ್ನು (ಅದೇ ಹೆಸರಿನ ಹುಕ್ ಅಲ್ಲ, ಹಸ್ಕಿಯಂಥ ಇನ್ನೊಂದು ಸಾಧನ) ಇನ್‌ಸ್ಟಾಲ್ ಮಾಡಲು ಹೋದರೆ ಹುಕ್ಸ್‌ಪಾಥ್ ಇದೆ ಎಂದು ಹೇಳಿ ಅದು ಒಲ್ಲೆ ಎನ್ನುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದರೊಳಗೆ ಇನ್ನೊಂದನ್ನು ಕರೆಯುವ ಏರ್ಪಾಡು ಮುಂದಿನ ಅಪ್‌ಡೇಟ್‌ವರೆಗೆ ಮಾತ್ರ ನಿಲ್ಲುತ್ತದೆ.

ಪ್ರಿ-ಕಮಿಟ್ ಫ್ರೇಮ್‌ವರ್ಕ್‌ನಲ್ಲಿ ಇನ್ನೊಂದು ಮಾತು: ಬರಿಯ ‘ಪ್ರಿ-ಕಮಿಟ್ ಇನ್‌ಸ್ಟಾಲ್’ ಎಂದರೆ ಮಾಮೂಲಿಯಾಗಿ ಪ್ರಿ-ಕಮಿಟ್ ಹುಕ್ ಒಂದೇ ಕೂರುತ್ತದೆ. ಸಂದೇಶ ತಿದ್ದಲು ‘--ಹುಕ್-ಟೈಪ್ ಕಮಿಟ್-ಎಂಎಸ್‌ಜಿ’ ಸೇರಿಸಿ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಬೇಕು.

ಜಾಗ ಸರಿ ಇದ್ದರೆ ಹೆಸರು ನೋಡಿ. ‘ಕಮಿಟ್-ಎಂಎಸ್‌ಜಿ.ಎಸ್‌ಎಚ್’ ಎಂದಿದ್ದರೆ ಓಡದು, ಕೊನೆಗೆ ‘.ಸ್ಯಾಂಪಲ್’ ಉಳಿದಿದ್ದರೂ ಓಡದು. ಆಮೇಲೆ ಅನುಮತಿ: ‘ಸಿಎಚ್‌ಮಾಡ್ +ಎಕ್ಸ್’ ಆಗಿರಬೇಕು. ಗಿಟ್ 2.15ರಿಂದೀಚೆಗೆ ಎಕ್ಸಿಕ್ಯೂಟ್ ಅನುಮತಿ ಇಲ್ಲದ ಹುಕ್ ಕಂಡರೆ ‘ಕಡೆಗಣಿಸಿದ್ದೇನೆ’ ಎಂದು ಸುಳಿವು ಕೊಡುತ್ತದೆ, ಆದರೆ ‘ಅಡ್ವೈಸ್.ಇಗ್ನೋರ್ಡ್‌ಹುಕ್’ ಅನ್ನು ಫಾಲ್ಸ್ ಮಾಡಿಟ್ಟವರಿಗೆ ಅದೂ ಕಾಣದು. ಸ್ಕ್ರಿಪ್ಟನ್ನು ರೆಪೊದಲ್ಲೇ ಇಟ್ಟು ಹಂಚುತ್ತಿದ್ದರೆ, ವಿಂಡೋಸ್‌ನಿಂದ ಸೇರಿಸಿದ ಫೈಲಿಗೆ ಈ ಅನುಮತಿ ದಾಖಲಾಗಿರುವುದಿಲ್ಲ; ‘ಗಿಟ್ ಅಪ್‌ಡೇಟ್-ಇಂಡೆಕ್ಸ್ --ಸಿಎಚ್‌ಮಾಡ್=+ಎಕ್ಸ್’ ಕೊಟ್ಟು ಕಮಿಟ್ ಮಾಡಿ.

ಕ್ಲೋನ್ ಮಾಡಿದಾಗ ‘.ಗಿಟ್/ಹುಕ್ಸ್’ ಜೊತೆಗೆ ಬರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿದ್ದರೂ ಹೊಸ ಲ್ಯಾಪ್‌ಟಾಪಿನ ಮುಂದೆ ಎಲ್ಲರೂ ಮರೆಯುತ್ತಾರೆ. ಇನ್ನು, ವೆಬ್ ಪುಟದ ಬಟನ್ ಒತ್ತಿ ಮಾಡಿದ ಮರ್ಜ್‌ಗೆ ನಿಮ್ಮ ಯಂತ್ರದ ಹುಕ್ ಸಂಬಂಧವೇ ಇಲ್ಲ. ಫಾಸ್ಟ್-ಫಾರ್ವರ್ಡ್ ಮರ್ಜ್‌ನಲ್ಲಿ ಹೊಸ ಕಮಿಟ್ಟೇ ಹುಟ್ಟುವುದಿಲ್ಲ. ‘ಗಿಟ್ ಎಎಂ’ ಬಳಸುವುದು ಅಪ್ಲೈಪ್ಯಾಚ್-ಎಂಎಸ್‌ಜಿ ಎಂಬ ಬೇರೆಯೇ ಹುಕ್.

ಓಡಿತು, ನಡುವೆ ಬಿತ್ತು

ಟರ್ಮಿನಲ್‌ನಲ್ಲಿ ಸರಿ, ಚಿತ್ರಪರದೆಯ ಗಿಟ್ ಆ್ಯಪ್‌ನಲ್ಲಿ ‘ಕಮಾಂಡ್ ನಾಟ್ ಫೌಂಡ್’, ಎಕ್ಸಿಟ್ ಕೋಡ್ 127: ಇದು ಪಾಥ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ತೊಂದರೆ. ಐಕಾನ್ ಒತ್ತಿ ತೆರೆದ ಆ್ಯಪ್ ನಿಮ್ಮ ಬ್ಯಾಶ್‌ಆರ್‌ಸಿ ಓದಿರುವುದಿಲ್ಲ, ಹಾಗಾಗಿ ಎನ್‌ವಿಎಂ ಮೂಲಕ ಹಾಕಿದ ನೋಡ್, ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ ಯಾವುದೂ ಸಿಗದು. ಹುಕ್‌ನ ಆರಂಭದಲ್ಲೇ ಪಾಥ್ ಸ್ಪಷ್ಟವಾಗಿ ಕೊಡಿ.

ಫೈಲ್ ಕಣ್ಣೆದುರಿಗೇ ಇದ್ದರೂ ‘ಅಂಥ ಫೈಲ್ ಇಲ್ಲ’ ಎಂದು ಬಂದರೆ, ಅಥವಾ ದೋಷದ ಸಾಲಿನಲ್ಲಿ ‘ಬ್ಯಾಶ್’ ಪದದ ಕೊನೆಗೆ ‘\ಆರ್’ ಕಂಡರೆ, ಸ್ಕ್ರಿಪ್ಟ್‌ಗೆ ವಿಂಡೋಸ್ ಶೈಲಿಯ ಸಾಲುಕೊನೆ ಸೇರಿದೆ. ‘ಡಾಸ್2ಯುನಿಕ್ಸ್’ ಒಮ್ಮೆಗೆ ಸಾಕು; ಮರುಕಳಿಸದಂತೆ ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ಆ ಫೈಲಿಗೆ ‘ಇಒಎಲ್=ಎಲ್‌ಎಫ್’ ಬರೆಯಿರಿ.

ಪಠ್ಯ ತಿದ್ದುವ ಸೆಡ್ ಕಮಾಂಡನ್ನು ಬಳಸುವ ಸ್ಕ್ರಿಪ್ಟ್‌ಗಳು ಲಿನಕ್ಸ್‌ನಿಂದ ಮ್ಯಾಕ್‌ಗೆ ಹೋದ ದಿನವೇ ಬೀಳುತ್ತವೆ. ಗ್ನೂ ಸೆಡ್‌ನಲ್ಲಿ ‘-ಐ’ (ಫೈಲನ್ನು ಇದ್ದಲ್ಲೇ ತಿದ್ದುವ ಆಯ್ಕೆ) ಒಂಟಿಯಾಗಿ ನಿಲ್ಲುತ್ತದೆ. ಮ್ಯಾಕ್‌ನ ಬಿಎಸ್‌ಡಿ ಸೆಡ್ ಅದರ ಮುಂದೆ ಬ್ಯಾಕಪ್ ಫೈಲಿನ ಹೆಸರಿಗೆ ಅಂಟಿಸುವ ಬಾಲವನ್ನು ಕೇಳುತ್ತದೆ. ಕೊಡದಿದ್ದರೆ ನಿಮ್ಮ ಬದಲಾವಣೆಯ ಸೂತ್ರವನ್ನೇ ಬಾಲವೆಂದು ನುಂಗಿ, ಫೈಲಿನ ಹೆಸರನ್ನು ಸೂತ್ರವೆಂದು ಓದಲು ಹೋಗುತ್ತದೆ. ಹೆಸರು ‘.ಗಿಟ್’ ಎಂದು ಚುಕ್ಕಿಯಿಂದ ಶುರುವಾಗುವುದರಿಂದ ‘ಇನ್‌ವ್ಯಾಲಿಡ್ ಕಮಾಂಡ್ ಕೋಡ್ .’ ಎಂಬ ವಿಚಿತ್ರ ದೋಷ ಬರುತ್ತದೆ. ಎರಡೂ ಕಡೆ ನಡೆಯಬೇಕಾದರೆ ‘-ಐ’ ಬಿಟ್ಟುಬಿಡಿ: ತಾತ್ಕಾಲಿಕ ಫೈಲಿಗೆ ಬರೆದು, ಅದು ಯಶಸ್ವಿಯಾದರೆ ಮಾತ್ರ "$1" ಮೇಲೆ ಇಡಿ.

ಬ್ರಾಂಚಿನ ಹೆಸರು ‘ಫೀಚರ್/ಎಬಿಸಿ-12’ ಎಂದಿದ್ದು ಅದನ್ನು ಹಾಗೇ ಸೆಡ್ ಸೂತ್ರದೊಳಗೆ ತುರುಕಿದರೆ ಓರೆಗೆರೆಯೇ ಸೂತ್ರವನ್ನು ಮುಗಿಸಿಬಿಡುತ್ತದೆ. ವಿಭಾಜಕವಾಗಿ ‘|’ ಬಳಸಿ. ಅದಕ್ಕಿಂತ ಒಳ್ಳೆಯದು ಪ್ರಿಂಟ್‌ಎಫ್‌ನಿಂದ ಮೊದಲ ಸಾಲು ಬರೆದು, ಉಳಿದದ್ದನ್ನು ಕ್ಯಾಟ್ ಮಾಡುವುದು.

‘ಅಬಾರ್ಟಿಂಗ್ ಕಮಿಟ್ ಡ್ಯೂ ಟು ಎಂಪ್ಟಿ ಕಮಿಟ್ ಮೆಸೇಜ್’ ಎಂದು ಬಂದರೆ, ಸಂದೇಶ ಬರೆದದ್ದು ನಿಜವೇ ಆಗಿದ್ದರೆ, ಸ್ಕ್ರಿಪ್ಟ್‌ನಲ್ಲಿ ಒಂದೇ ಫೈಲನ್ನು ಓದಿ ಅದಕ್ಕೇ ‘>’ ಹಾಕಿರುವ ಸಾಲು ಹುಡುಕಿ. ಶೆಲ್ ಮೊದಲು ಫೈಲನ್ನು ಬರಿದು ಮಾಡುತ್ತದೆ, ಆಮೇಲೆ ಓದಲು ಬಿಡುತ್ತದೆ. ಪೈಪ್ ಇದ್ದಾಗ ಕೆಲವೊಮ್ಮೆ ಓದುವವನೇ ಮೊದಲು ಗೆಲ್ಲುವುದರಿಂದ ಈ ದೋಷ ದಿನಕ್ಕೊಮ್ಮೆ ಕಂಡು ಮಾಯವಾಗುವುದೂ ಉಂಟು.

‘ಯಾವ ಬಗೆಯ ಬದಲಾವಣೆ?’ ಎಂದು ಬಳಕೆದಾರರನ್ನು ಕೇಳುವ ಸಾಧನ ಉತ್ತರಕ್ಕೆ ಕಾಯದೆ ಮುಂದೆ ಓಡಿದರೆ ಆಶ್ಚರ್ಯವಿಲ್ಲ. ಗಿಟ್ ಈ ಹುಕ್‌ಗಳಿಗೆ ಕೀಬೋರ್ಡಿನ ಇನ್‌ಪುಟ್ ಕೊಡುವುದಿಲ್ಲ. /ಡೆವ್/ಟಿಟಿವೈ (ಟರ್ಮಿನಲ್) ಇಂದ ಓದಬೇಕು, ಟಿಟಿವೈ ಇಲ್ಲದ ಕಡೆ ಕೇಳದೇ ಮುಂದುವರಿಯಬೇಕು.

ವಿಳಾಸವನ್ನು ‘.ಗಿಟ್/ಕಮಿಟ್_ಎಡಿಟ್‌ಎಂಎಸ್‌ಜಿ’ ಎಂದು ಕೈಯಾರೆ ಬರೆದ ಸ್ಕ್ರಿಪ್ಟ್ ವರ್ಕ್‌ಟ್ರೀ ಮತ್ತು ಸಬ್‌ಮಾಡ್ಯೂಲ್‌ಗಳಲ್ಲಿ ನಡೆಯದು, ಏಕೆಂದರೆ ಅಲ್ಲಿ ‘.ಗಿಟ್’ ಫೋಲ್ಡರ್ ಅಲ್ಲ, ಬೇರೆಡೆಗೆ ಬೆರಳು ತೋರುವ ಫೈಲ್. ಯಾವತ್ತೂ "$1", ಅದೂ ಉದ್ಧರಣ ಚಿಹ್ನೆಯೊಳಗೆ.

ಕನ್ನಡದಲ್ಲಿ ಸಂದೇಶ ಬರೆಯುವವರಿಗೆ ಇನ್ನೊಂದು. ಮೊದಲ ಸಾಲನ್ನು 50ಕ್ಕೆ ಮೊಟಕುಗೊಳಿಸಲು ಗ್ನೂ ‘ಕಟ್ -ಸಿ’ ಬಳಸಿದರೆ ಅದು ಹಲವು ಆವೃತ್ತಿಗಳಲ್ಲಿ ಎಣಿಸುವುದು ಬೈಟ್‌ಗಳನ್ನು. ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಪೂರ್ತಿ ಕನ್ನಡದ ಸಾಲಾದರೆ 16 ಸಂಕೇತ ಕಳೆದು 17ನೆಯದರ ಎರಡು ಬೈಟ್ ಉಳಿಯುತ್ತದೆ, ಸಂದೇಶ ಯುಟಿಎಫ್-8ಕ್ಕೆ ಹೊಂದುತ್ತಿಲ್ಲ ಎಂದು ಗಿಟ್ ಎಚ್ಚರಿಸುತ್ತದೆ. ಪೈಥಾನ್ ಸ್ಕ್ರಿಪ್ಟ್ ಆದರೆ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದೇ ತೆರೆಯಿರಿ. ವಿಂಡೋಸ್‌ನ ಡೀಫಾಲ್ಟ್ ನಂಬುವಂಥದ್ದಲ್ಲ.

ಸರಿಯಾಗಿ ಬರೆದರೂ ಸಾಲು ಮಾಯ

‘ಆಮೇಲೆ’ ಪ್ರತಿಯಲ್ಲಿ ಸಾಲು ಇದೆ, ಕಮಿಟ್‌ನಲ್ಲಿ ಇಲ್ಲ. ಇದಕ್ಕೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು.

ಮೊದಲನೆಯದು ‘#’. ಸಾಧನ ‘#123 ಲಾಗಿನ್ ದೋಷ ಸರಿಪಡಿಸಿದೆ’ ಎಂದು ಬರೆದರೆ, ಎಡಿಟರ್ ತೆರೆದ ಕಮಿಟ್‌ನಲ್ಲಿ ಶುದ್ಧೀಕರಣದ ರೀತಿ ‘ಸ್ಟ್ರಿಪ್’ ಆಗಿರುತ್ತದೆ, ‘#’ನಿಂದ ಶುರುವಾದ ಸಾಲೆಲ್ಲ ಕಾಮೆಂಟ್ ಎಂದು ಹೋಗುತ್ತದೆ. ‘-ಎಂ’ ಕೊಟ್ಟು ಎಡಿಟರ್ ತೆರೆಯದಿದ್ದರೆ ರೀತಿ ‘ವೈಟ್‌ಸ್ಪೇಸ್’, ಸಾಲು ಉಳಿಯುತ್ತದೆ. ಇಂದು ಉಳಿದ ಆ ಸಾಲು ನಾಳೆ ಯಾರೋ ಎಡಿಟರ್ ತೆರೆದು ಅಮೆಂಡ್ ಮಾಡಿದಾಗ (ಕೊನೆಯ ಕಮಿಟ್ ತಿದ್ದಿದಾಗ), ರೀಬೇಸ್‌ನಲ್ಲಿ (ಕಮಿಟ್‌ಗಳನ್ನು ಮರುಜೋಡಿಸುವಾಗ) ರೀವರ್ಡ್ ಮಾಡಿದಾಗ ಸದ್ದಿಲ್ಲದೆ ಅಳಿಯುತ್ತದೆ. ‘ಕೋರ್.ಕಮೆಂಟ್‌ಚಾರ್’ ಅನ್ನು ‘;’ ಮಾಡುವುದು ಒಂದು ದಾರಿ, ಆದರೆ ತಂಡದ ಪ್ರತಿಯೊಬ್ಬರೂ ಮಾಡಿಕೊಳ್ಳಬೇಕು. ಸಾಲಿನ ಮೊದಲ ಅಕ್ಷರ ‘#’ ಆಗದಂತೆ ‘[#123]’ ಎಂದು ಬರೆಯುವುದೇ ಉತ್ತಮ. ಯಾರ ಕಾನ್ಫಿಗ್ಗೂ ಮುಟ್ಟಬೇಕಿಲ್ಲ.

ಎರಡನೆಯದು ಕತ್ತರಿ ಸಾಲು. ‘ಗಿಟ್ ಕಮಿಟ್ -ವಿ’ ಕೊಟ್ಟರೆ, ಅಥವಾ ‘ಕಮಿಟ್.ವರ್ಬೋಸ್’ ಆನ್ ಇದ್ದರೆ, ಸಂದೇಶದ ಕೆಳಗೆ ‘>8’ ಗುರುತಿನ ಒಂದು ಸಾಲು, ಅದರ ಕೆಳಗೆ ಇಡೀ ಡಿಫ್ (ಕೋಡಿನಲ್ಲಿ ಬದಲಾದ ಸಾಲುಗಳ ಪಟ್ಟಿ) ಇರುತ್ತದೆ. ಆ ಸಾಲಿನಿಂದ ಕೆಳಗಿನದೆಲ್ಲ ಕೊನೆಗೆ ಕತ್ತರಿಸಿ ಹೋಗುತ್ತದೆ. ‘ಎಕೋ … >> "$1"’ ಎಂದು ಫೈಲಿನ ತುದಿಗೆ ಸೇರಿಸುವ ಸಾಧನದ ಬರಹ ಡಿಫ್‌ನ ಜೊತೆಗೇ ಹೋಗುತ್ತದೆ. ಒಂದೇ ತಂಡದಲ್ಲಿ ಒಬ್ಬರಿಗೆ ಮಾತ್ರ ‘ಸೈನ್ಡ್-ಆಫ್-ಬೈ’ ಬರುತ್ತಿಲ್ಲವಾದರೆ ಅವರ ಕಾನ್ಫಿಗ್‌ನಲ್ಲಿ ವರ್ಬೋಸ್ ಇದೆಯೇ ಎಂದು ಮೊದಲು ನೋಡಿ.

ಇದರ ತಿರುಗುಮುರುಗು ಇನ್ನೂ ಕೆಟ್ಟದು. ಇಡೀ ಫೈಲನ್ನು ‘ಎಫ್‌ಎಂಟಿ’ಗೆ ಕೊಟ್ಟು ಸಾಲು ಹೊಂದಿಸುವ ಸಾಧನ ಕತ್ತರಿ ಸಾಲನ್ನು ಅದರ ಕೆಳಗಿನ ಕಾಮೆಂಟ್‌ಗೆ ಬೆಸೆದುಬಿಡುತ್ತದೆ. ಗಿಟ್‌ಗೆ ಎಲ್ಲಿ ಕತ್ತರಿಸಬೇಕೆಂದು ಸಿಗದೆ ಇಡೀ ಡಿಫ್ ಕಮಿಟ್ ಸಂದೇಶದೊಳಗೆ ಬಂದು ಕೂರುತ್ತದೆ. ಸಾಲಿನ ಉದ್ದ ಪರೀಕ್ಷಿಸುವ ಹುಕ್ ಕಾರಣವಿಲ್ಲದೆ ಕಮಿಟ್ ತಡೆಯುತ್ತಿದ್ದರೂ ಅದು ಅಳೆಯುತ್ತಿರುವುದು ಡಿಫ್‌ನ ಸಾಲನ್ನೇ. ಯಾವ ಕೆಲಸಕ್ಕೂ ಮೊದಲು ಕತ್ತರಿ ಸಾಲಿನವರೆಗೆ ಮಾತ್ರ ಓದುವ ಅಭ್ಯಾಸ ಸಾಧನಕ್ಕಿರಲಿ.

ಎರಡೆರಡು ಸಲ ಸೇರುವುದು, ಸೇರಬೇಕಾದಾಗ ಸೇರದಿರುವುದು

ಅಮೆಂಡ್ ಮಾಡಿದಾಗಲೂ ಹುಕ್ ಓಡುತ್ತದೆ, ಹಾಗಾಗಿ ‘ಎಬಿಸಿ-12: ಎಬಿಸಿ-12:’ ಎಂದು ಬೆಳೆಯುತ್ತ ಹೋಗುತ್ತದೆ. ಪ್ರಿಪೇರ್-ಕಮಿಟ್-ಎಂಎಸ್‌ಜಿಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಸಂದೇಶದ ಮೂಲ ಸಿಗುತ್ತದೆ: ಮೆಸೇಜ್, ಟೆಂಪ್ಲೇಟ್, ಮರ್ಜ್, ಸ್ಕ್ವಾಶ್, ಕಮಿಟ್. ‘ಕಮಿಟ್’ ಬಂದರೆ ಹಳೆಯ ಸಂದೇಶ ಎಂದರ್ಥ, ಕೈ ಹಾಕದೆ ಹೊರಬನ್ನಿ. ಕಮಿಟ್-ಎಂಎಸ್‌ಜಿಗೆ ಈ ಮಾಹಿತಿ ಸಿಗದು, ಅದು ಸಂದೇಶವನ್ನೇ ನೋಡಿ ತೀರ್ಮಾನಿಸಬೇಕು.

ತೀರ್ಮಾನಿಸುವಾಗ ಬೀಳುವ ಗುಂಡಿ ಇದು: ‘ಟಿಕೆಟ್ ಸಂಖ್ಯೆ ಈಗಾಗಲೇ ಇದೆಯೇ’ ಎಂದು ಇಡೀ ಫೈಲಿನಲ್ಲಿ ಗ್ರೆಪ್ ಮಾಡಿದರೆ, ಎಡಿಟರ್ ತೆರೆದ ಕಮಿಟ್‌ನಲ್ಲಿ ಉತ್ತರ ಯಾವಾಗಲೂ ‘ಇದೆ’. ಗಿಟ್ ತಾನೇ ಹಾಕಿದ ‘# ಆನ್ ಬ್ರಾಂಚ್ ಫೀಚರ್/ಎಬಿಸಿ-12’ ಎಂಬ ಕಾಮೆಂಟ್‌ನಲ್ಲಿ ಆ ಸಂಖ್ಯೆ ಕೂತಿರುತ್ತದಲ್ಲ! ‘-ಎಂ’ ಕೊಟ್ಟಾಗ ಕಾಮೆಂಟ್ ಇರುವುದಿಲ್ಲ, ಸಾಧನ ಸರಿಯಾಗಿಯೇ ನಡೆಯುತ್ತದೆ. ಕಾಮೆಂಟ್ ಅಲ್ಲದ, ಖಾಲಿಯಲ್ಲದ ಮೊದಲ ಸಾಲನ್ನು ಮಾತ್ರ ನೋಡಿ. ‘ಎಬಿಸಿ-1’ ಹುಡುಕಿದಾಗ ‘ಎಬಿಸಿ-12’ ಹೊಂದದಂತೆ ಮುಂದಿನ ಅಕ್ಷರ ಅಂಕಿಯಲ್ಲ ಎಂದೂ ಖಚಿತಪಡಿಸಿಕೊಳ್ಳಿ. ದೊಡ್ಡಕ್ಷರ, ಅಡ್ಡಗೆರೆ, ಅಂಕಿ ಎಂಬ ಸಾಮಾನ್ಯ ರೆಜೆಕ್ಸ್‌ಗೆ (ಹುಡುಕುವ ಮಾದರಿಗೆ) ‘ಯುಟಿಎಫ್-8’ ಕೂಡ ಟಿಕೆಟ್ಟೇ. ಪ್ರಾಜೆಕ್ಟ್‌ನ ಹೆಸರನ್ನೇ ರೆಜೆಕ್ಸ್‌ನಲ್ಲಿ ಬರೆಯಿರಿ.

ಸಂದೇಶಗಳು ‘ಹೆಡ್:’ ಎಂದು ಶುರುವಾಗಿದ್ದರೆ ರೀಬೇಸ್ ನಡುವೆ ಹುಕ್ ಓಡಿದೆ. ಆಗ ಯಾವ ಬ್ರಾಂಚೂ ಚೆಕ್‌ಔಟ್ ಆಗಿರುವುದಿಲ್ಲ, ‘ಗಿಟ್ ರೆವ್-ಪಾರ್ಸ್ --ಅಬ್ರೆವ್-ರೆಫ್ ಹೆಡ್’ ಬರಿಯ ‘ಹೆಡ್’ ಎನ್ನುತ್ತದೆ. ಅದರ ಬದಲು ‘ಗಿಟ್ ಬ್ರಾಂಚ್ --ಶೋ-ಕರೆಂಟ್’ ಬಳಸಿ (2.22ರಿಂದ ಇದೆ), ಬ್ರಾಂಚ್ ಇಲ್ಲದಿದ್ದರೆ ಅದು ಖಾಲಿ ಕೊಡುತ್ತದೆ, ಖಾಲಿ ಬಂದರೆ ಸುಮ್ಮನಿರಿ.

‘ಫಿಕ್ಸ್‌ಅಪ್!’, ‘ಸ್ಕ್ವಾಶ್!’, ‘ಅಮೆಂಡ್!’ ಎಂದು ಶುರುವಾಗುವ ಸಂದೇಶಗಳ ಮುಂದೆ ಏನನ್ನೂ ಅಂಟಿಸಬಾರದು. ಅಂಟಿಸಿದರೆ, ಇಂಥ ಕಮಿಟ್‌ಗಳನ್ನು ಮೂಲ ಕಮಿಟ್‌ಗೆ ತಾನೇ ಸೇರಿಸುವ ಆಟೋಸ್ಕ್ವಾಶ್ ಅವನ್ನು ಗುರುತಿಸುವುದಿಲ್ಲ.

ಪ್ರಿಪೇರ್ ಹಂತದಲ್ಲಿ ಟಿಕೆಟ್ ಸಂಖ್ಯೆ ಹಾಕುವವರು ಗಮನಿಸದ ಅಡ್ಡಪರಿಣಾಮವೊಂದಿದೆ. ಏನೂ ಬರೆಯದೆ ಎಡಿಟರ್ ಮುಚ್ಚಿದರೆ ಕಮಿಟ್ ರದ್ದಾಗುತ್ತದೆ ಎಂಬುದು ಎಲ್ಲರ ನಂಬಿಕೆ. ಈಗ ಫೈಲ್ ಖಾಲಿಯಲ್ಲ, ಹಾಗಾಗಿ ‘ಎಬಿಸಿ-12:’ ಎಂಬಷ್ಟೇ ಸಂದೇಶದೊಂದಿಗೆ ಕಮಿಟ್ ಆಗಿಬಿಡುತ್ತದೆ. ಬಳಕೆದಾರರು ತಿದ್ದಿ ನೋಡಬೇಕಾದ ಅಗತ್ಯ ಇಲ್ಲವಾದರೆ ಈ ಕೆಲಸ ಕಮಿಟ್-ಎಂಎಸ್‌ಜಿಯಲ್ಲೇ ಇರಲಿ. ಪೋಸ್ಟ್-ಕಮಿಟ್‌ನಲ್ಲಿ ಅಮೆಂಡ್ ಮಾಡುವ ಉಪಾಯ ಮಾತ್ರ ಬೇಡವೇ ಬೇಡ: ಅಮೆಂಡ್ ಮತ್ತೆ ಪೋಸ್ಟ್-ಕಮಿಟನ್ನು ಓಡಿಸುತ್ತದೆ, ‘--ನೋ-ವೆರಿಫೈ’ ಅದನ್ನು ತಡೆಯುವುದಿಲ್ಲ, ಸರಪಳಿ ನಿಲ್ಲುವುದಿಲ್ಲ.

ಟ್ರೇಲರ್ ಇದೆ, ಯಾರಿಗೂ ಕಾಣದು

ಸಂದೇಶದ ಕೊನೆಯಲ್ಲಿ ‘ಸೈನ್ಡ್-ಆಫ್-ಬೈ’ ಕಣ್ಣಿಗೆ ಕಾಣುತ್ತದೆ, ಆದರೆ ಪರಿಶೀಲಿಸುವ ಸಾಧನ ಇಲ್ಲ ಎನ್ನುತ್ತದೆ. ಟ್ರೇಲರ್ (ಸಂದೇಶದ ಕೊನೆಯ ‘ಹೆಸರು: ಮೌಲ್ಯ’ ರೂಪದ ಸಾಲು) ಎನಿಸಿಕೊಳ್ಳಲು ಅದು ಕೊನೆಯ ಪ್ಯಾರಾದಲ್ಲಿ, ಹಿಂದೆ ಒಂದು ಖಾಲಿ ಸಾಲು ಬಿಟ್ಟು ಇರಬೇಕು. ಎರಡು ಟ್ರೇಲರ್‌ಗಳ ನಡುವೆ ಖಾಲಿ ಸಾಲು ಬಂದರೆ ಮೇಲಿನದು ಸಾಮಾನ್ಯ ಪಠ್ಯವಾಗುತ್ತದೆ. ಕೈಯಾರೆ ಸಾಲು ಸೇರಿಸುವುದನ್ನು ಬಿಟ್ಟು ಈ ಕೆಲಸವನ್ನು ಗಿಟ್‌ಗೇ ವಹಿಸಿ:

ಗಿಟ್ ಇಂಟರ್‌ಪ್ರೆಟ್-ಟ್ರೇಲರ್ಸ್ --ಇನ್-ಪ್ಲೇಸ್ --ನೋ-ಡಿವೈಡರ್ --ಇಫ್-ಎಕ್ಸಿಸ್ಟ್ಸ್ ಡೂನಥಿಂಗ್ --ಟ್ರೇಲರ್ "ಟಿಕೆಟ್-ಐಡಿ: ಎಬಿಸಿ-12" "$1"

ಕಾಮೆಂಟ್‌ಗಳನ್ನೂ ಕತ್ತರಿ ಸಾಲನ್ನೂ ಇದು ತಾನೇ ದಾಟಿಕೊಂಡು ಸರಿಯಾದ ಜಾಗಕ್ಕೆ ಸೇರಿಸುತ್ತದೆ. ‘--ನೋ-ಡಿವೈಡರ್’ ಬಿಟ್ಟರೆ, ಸಂದೇಶದ ನಡುವೆ ‘---’ ಇರುವ ಸಾಲನ್ನು ಪ್ಯಾಚ್‌ನ ಆರಂಭವೆಂದು ತಿಳಿದು ಟ್ರೇಲರನ್ನು ಅದರ ಮೇಲೆಯೇ ಇಟ್ಟುಬಿಡುತ್ತದೆ. ಒಂದೇ ಹೆಸರಿನ ಹಲವು ಟ್ರೇಲರ್ ಬೇಕಿದ್ದರೆ ‘ಡೂನಥಿಂಗ್’ ಬದಲು ‘ಆ್ಯಡ್‌ಇಫ್‌ಡಿಫರೆಂಟ್’. ಈ ಆಯ್ಕೆ ‘--ಟ್ರೇಲರ್’ಗಿಂತ ಮೊದಲೇ ಬರಬೇಕು. ಸೇರಿತೇ ಎಂದು ನೋಡಲು ಅದೇ ಕಮಾಂಡಿಗೆ ‘--ಪಾರ್ಸ್’ ಕೊಟ್ಟು ಓದಿಸಿ.

ಹಳೆಯ ಕಮಿಟ್‌ಗಳನ್ನು ಒಟ್ಟಿಗೆ ತಿದ್ದುವಾಗ

ಹುಕ್‌ಗಳು ಹಿಂದಿನ ಕಮಿಟ್ ಮುಟ್ಟುವುದಿಲ್ಲ. ಅದಕ್ಕೆ ಇತಿಹಾಸವನ್ನು ಮರುಬರೆಯುವ ಗಿಟ್ ಫಿಲ್ಟರ್-ರೆಪೊದ ‘--ಮೆಸೇಜ್-ಕಾಲ್‌ಬ್ಯಾಕ್’ ಬೇಕು. ಇಲ್ಲಿ ಸಂದೇಶ ಪೈಥಾನ್‌ನ ಬೈಟ್ಸ್ ಆಗಿ ಬರುತ್ತದೆ. ಸಾಮಾನ್ಯ ಸ್ಟ್ರಿಂಗ್ ಕೊಟ್ಟು ರಿಪ್ಲೇಸ್ ಮಾಡಿದರೆ ಟೈಪ್‌ಎರರ್. ಉದ್ಧರಣದ ಮುಂದೆ ‘ಬಿ’ ಹಾಕಬೇಕು, ಆದರೆ ‘ಬಿ’ ಹಾಕಿದ ಉದ್ಧರಣದೊಳಗೆ ಆಸ್ಕಿ ಅಲ್ಲದ ಅಕ್ಷರ ಬರೆದರೆ ಸಿಂಟ್ಯಾಕ್ಸ್ ದೋಷ. ಕನ್ನಡ ಪಠ್ಯವನ್ನು ಸಾಮಾನ್ಯ ಸ್ಟ್ರಿಂಗ್ ಆಗಿ ಬರೆದು ‘.ಎನ್‌ಕೋಡ್()’ ಮಾಡಿ.

ಹೊಸ ಕ್ಲೋನ್ ಅಲ್ಲದಿದ್ದರೆ ಫಿಲ್ಟರ್-ರೆಪೊ ಓಡಲು ಒಪ್ಪುವುದಿಲ್ಲ. ‘--ಫೋರ್ಸ್’ ಕೊಟ್ಟು ಅದರ ಬಾಯಿ ಮುಚ್ಚಿಸುವುದಕ್ಕಿಂತ ಹೊಸದಾಗಿ ಕ್ಲೋನ್ ಮಾಡುವುದು ಕ್ಷೇಮ. ಸಂದೇಶ ಬದಲಾದರೆ ಆ ಕಮಿಟ್‌ನಿಂದ ಮುಂದಿನ ಎಲ್ಲ ಹ್ಯಾಶ್‌ಗಳೂ (ಕಮಿಟ್‌ನ ಗುರುತುಗಳೂ) ಬದಲಾಗುತ್ತವೆ. ಸಂದೇಶಗಳೊಳಗೆ ಬರೆದ ಹಳೆಯ ಹ್ಯಾಶ್‌ಗಳನ್ನು ಅದು ತಾನೇ ಹೊಸದಕ್ಕೆ ಬದಲಿಸುತ್ತದೆ. ಬೇಡವಾದರೆ ‘--ಪ್ರಿಸರ್ವ್-ಕಮಿಟ್-ಹ್ಯಾಶಸ್’.

ಇದೇ ಕೆಲಸದ ಹಳೆಯ ಸಾಧನ ಫಿಲ್ಟರ್-ಬ್ರಾಂಚ್ ಬಳಸಿದವರಿಗೆ ‘ಗಿಟ್ ಲಾಗ್ --ಆಲ್’ನಲ್ಲಿ ತಿದ್ದುವ ಮೊದಲಿನ ಸಂದೇಶಗಳೂ ಕಾಣುತ್ತಿದ್ದರೆ ಅವು ‘ರೆಫ್ಸ್/ಒರಿಜಿನಲ್’ನಲ್ಲಿಟ್ಟ ಬ್ಯಾಕಪ್. ಎರಡನೆಯ ಸಲ ಓಡಿಸಲು ಹೋದಾಗ ಅದು ನಿರಾಕರಿಸುವುದೂ ಇದೇ ಬ್ಯಾಕಪ್ ಕಂಡು. ಫಲಿತಾಂಶ ಸರಿ ಎಂದು ಖಚಿತವಾದ ಮೇಲೆ ‘-ಎಫ್’ ಕೊಡಿ.

ಫಿಲ್ಟರ್-ರೆಪೊ ಮುಗಿದ ಮೇಲೆ ‘ಒರಿಜಿನ್’ ರಿಮೋಟ್ ಕಾಣೆಯಾಗಿರುತ್ತದೆ. ಅದು ದೋಷವಲ್ಲ, ತಪ್ಪಿ ಪುಶ್ ಆಗದಿರಲೆಂದು ಬೇಕೆಂದೇ ತೆಗೆಯುತ್ತದೆ. ರಿಮೋಟನ್ನು ಮತ್ತೆ ಸೇರಿಸಿದ ಕೂಡಲೇ ‘--ಫೋರ್ಸ್-ವಿತ್-ಲೀಸ್’ ಕೊಟ್ಟರೆ ‘ಸ್ಟೇಲ್ ಇನ್ಫೊ’ ಎಂದು ತಿರಸ್ಕಾರವಾಗುತ್ತದೆ, ಏಕೆಂದರೆ ಹೋಲಿಸಿ ನೋಡಲು ರಿಮೋಟ್‌ನ ಸ್ಥಿತಿ ನಿಮ್ಮ ಬಳಿ ಇರುವುದಿಲ್ಲ. ಮೊದಲು ‘ಗಿಟ್ ಫೆಚ್’ ಮಾಡಿ, ನೀವು ಕ್ಲೋನ್ ಮಾಡಿದ ಮೇಲೆ ಅಲ್ಲಿಗೆ ಬೇರೆ ಯಾರ ಕಮಿಟೂ ಬಂದಿಲ್ಲವೆಂದು ನೋಡಿಕೊಂಡು, ಆಮೇಲೆ ಪುಶ್ ಮಾಡಿ.